‘ನಿನ್ನ ಕೆಲಸ ಚೆನ್ನಾಗಿದೆ, ಆದರೆ ಬೆಲ್ ಕರ್ವ್ ಇದೆಯಲ್ಲ!’

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಐಟಿ ಕಂಪನಿಗಳ ಕ್ಯಾಂಟೀನಿನಲ್ಲಿ ಎರಡೇ ಮಾತು. ‘ಹೈಕ್ (ಸಂಬಳ ಏರಿಕೆ) ಎಷ್ಟು ಬಂತು?’, ‘ರೇಟಿಂಗ್ ಏನು ಕೊಟ್ಟರು?’ ಅಪ್ರೈಸಲ್‌ಗೆ (ವರ್ಷದ ಕೆಲಸದ ಮೌಲ್ಯಮಾಪನಕ್ಕೆ) ಕೂತವರಿಗೆ ಮ್ಯಾನೇಜರ್ ಹೇಳುತ್ತಿದ್ದ ಸಮಾಧಾನವೂ ವರ್ಷಗಟ್ಟಲೆ ಒಂದೇ ಇತ್ತು. ನಿನ್ನ ಕೆಲಸ ಚೆನ್ನಾಗಿದೆ, ಆದರೆ ಬೆಲ್ ಕರ್ವ್ ಇದೆಯಲ್ಲ, ನಾನೇನು ಮಾಡಲಿ?

ಬೆಲ್ ಕರ್ವ್ ಗಣಿತದ ಗೆರೆ. ಸಾವಿರಾರು ಜನರ ಎತ್ತರ ಅಳೆದು ಚಿತ್ರ ಬರೆದರೆ ನಡುವೆ ಉಬ್ಬಿ, ಎರಡೂ ಬದಿಗೆ ಇಳಿಯುವ ಗಂಟೆಯ ಆಕಾರ ಬರುತ್ತದೆ. ಸಿಕ್ಕಾಪಟ್ಟೆ ಎತ್ತರದವರು ಕಡಿಮೆ, ತೀರಾ ಕುಳ್ಳರೂ ಕಡಿಮೆ, ನಡುವಿನವರು ಜಾಸ್ತಿ. ಇದರಲ್ಲಿ ತಕರಾರಿಲ್ಲ. ಈ ಗೆರೆ ಸಂಬಳದ ಪಟ್ಟಿಗೆ ಬಂದ ದಾರಿ ಮಾತ್ರ ವಿಚಿತ್ರವಾಗಿದೆ.

1917ರಲ್ಲಿ ಅಮೆರಿಕ ಮೊದಲನೇ ಮಹಾಯುದ್ಧಕ್ಕೆ ಇಳಿಯಿತು. ಅವಸರದಲ್ಲಿ ಸಾವಿರಾರು ಸೇನಾಧಿಕಾರಿಗಳನ್ನು ಆರಿಸಬೇಕಿತ್ತು. ಆಗ ವಾಲ್ಟರ್ ಡಿಲ್ ಸ್ಕಾಟ್ ಎಂಬ ಮನಶ್ಶಾಸ್ತ್ರಜ್ಞ ಒಂದು ಉಪಾಯ ಹೇಳಿದರು. ನಿಮಗೆ ಗೊತ್ತಿರುವ ಅಧಿಕಾರಿಗಳಲ್ಲಿ ಅತ್ಯುತ್ತಮನನ್ನು ನೆನೆಯಿರಿ, ಸಾಧಾರಣದವನನ್ನು ನೆನೆಯಿರಿ, ಕಳಪೆಯವನನ್ನೂ ನೆನೆಯಿರಿ. ಈಗ ಹೊಸಬನನ್ನು ಅವರ ಪಕ್ಕ ನಿಲ್ಲಿಸಿ ನೋಡಿ. ಕೆಲಸದಿಂದಲ್ಲ, ಮನುಷ್ಯನಿಂದ ಮನುಷ್ಯನನ್ನು ಅಳೆಯುವ ಕೋಲು ಇದು. ಯುದ್ಧ ಮುಗಿದ ಮೇಲೆ ಇಂಥ ಅಳತೆಗೋಲುಗಳು ಕಾರ್ಖಾನೆ, ಕಚೇರಿಗಳಿಗೂ ನುಗ್ಗಿದವು.

ಮುಂದೆ ಈ ಅಳತೆಯ ಹೆಗಲಿಗೆ ಇನ್ನೊಂದು ಕೆಲಸವೂ ಬಿತ್ತು. ಯಾರಿಗೆ ಎಷ್ಟು ಸಂಬಳ ಎಂದು ಹೇಳುವುದರ ಜೊತೆಗೆ, ನೌಕರನನ್ನು ಬೆಳೆಸುವ ಮಾತೂ ಅದೇ ಕೋಣೆಯಲ್ಲಿ, ಅದೇ ಅರ್ಧ ಗಂಟೆಯಲ್ಲಿ ಆಗಬೇಕು ಎಂದಾಯಿತು. ನನ್ನ ಪ್ರಕಾರ ಎಲ್ಲ ಎಡವಟ್ಟು ಶುರುವಾದದ್ದು ಇಲ್ಲೇ. ಸಂಬಳ ನಿರ್ಧಾರವಾಗುವ ಹೊತ್ತಿನಲ್ಲಿ ‘ನನಗೆ ಇಂಥದ್ದು ಬರೋದಿಲ್ಲ, ಕಲಿಸಿಕೊಡಿ’ ಅಂತ ಯಾರು ಬಾಯಿ ಬಿಡ್ತಾರೆ?

ಇದನ್ನು ಮೊದಲೇ ಕಂಡುಕೊಂಡವರಿದ್ದರು, ಅದೂ ಜನರಲ್ ಎಲೆಕ್ಟ್ರಿಕ್ ಅಂದರೆ ಜಿಇ ಕಂಪನಿಯ ಒಳಗೇ. ಅಲ್ಲಿ ನಡೆಸಿದ ಅಧ್ಯಯನವೊಂದು 1965ರಲ್ಲಿ ಪ್ರಕಟವಾಯಿತು. ವರ್ಷಕ್ಕೊಮ್ಮೆ ಕೂರಿಸಿ ತಪ್ಪು ಎತ್ತಿ ತೋರಿಸಿದರೆ ಕೆಲಸ ಸುಧಾರಿಸುವುದಿಲ್ಲ, ಕೆಡುತ್ತದೆ. ಹೇಳಿಕೊಡುವುದು ದಿನನಿತ್ಯ ನಡೆಯಬೇಕು. ಸಂಬಳದ ಮಾತು, ಸುಧಾರಣೆಯ ಮಾತು ಎರಡನ್ನೂ ಒಂದೇ ಸಭೆಯಲ್ಲಿ ಆಡಬಾರದು. ಸಂಶೋಧಕರು ಹೇಳಿದ್ದು ಇಷ್ಟು.

ನಮ್ಮಲ್ಲೂ ಹತ್ತು ವರ್ಷದೊಳಗೆ ಇದೇ ದಿಕ್ಕಿನ ಪ್ರಯತ್ನ ನಡೆಯಿತು. 1970ರ ದಶಕದ ಮಧ್ಯದಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಕಂಪನಿ ತನ್ನ ಅಪ್ರೈಸಲ್ ಪದ್ಧತಿಯನ್ನು ನೋಡಿಕೊಡಿ ಎಂದು ಅಹಮದಾಬಾದಿನ ಐಐಎಂನ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರನ್ನು ಕರೆಯಿತು. ಕಳೆದ ವರ್ಷದ ಕೆಲಸದ ಲೆಕ್ಕ ಬೇರೆ, ಮುಂದಿನ ಹುದ್ದೆಗೆ ಬೇಕಾದ ಸಾಮರ್ಥ್ಯದ ಅಂದಾಜು ಬೇರೆ, ಕೂತು ಸಲಹೆ ಕೊಡುವುದು, ತರಬೇತಿ ಕೊಡುವುದು ಬೇರೆ ಎಂದು ಅವರು ವಿಂಗಡಿಸಿದರು. ಅದಕ್ಕಾಗಿಯೇ ಕಂಪನಿಯಲ್ಲಿ ಪ್ರತ್ಯೇಕ ಎಚ್‌ಆರ್‌ಡಿ (ಮಾನವ ಸಂಪನ್ಮೂಲ ಅಭಿವೃದ್ಧಿ) ವಿಭಾಗ ಹುಟ್ಟಿತು. ಭಾರತದಲ್ಲಿ ಅದೇ ಮೊದಲು. 1985ರಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯವೂ ಇದೇ ಹೆಸರು ಇಟ್ಟುಕೊಂಡಿತು. 2020ರಲ್ಲಿ ಮತ್ತೆ ಶಿಕ್ಷಣ ಸಚಿವಾಲಯವಾಯಿತು. (‘ಮಾನವ ಸಂಪನ್ಮೂಲ’ ಎಂಬ ಪದ ಕೇಳಿದಾಗಲೆಲ್ಲ ನನಗೆ ಬಳ್ಳಾರಿಯ ಅದಿರು ಲಾರಿಗಳೇ ನೆನಪಾಗುತ್ತವೆ.)

ಆದರೆ ಜಗತ್ತು ನೋಡಿದ್ದು ಬೇರೆ ಕಡೆಗೆ. 1981ರಲ್ಲಿ ಜಾಕ್ ವೆಲ್ಚ್ ಜಿಇ ಮುಖ್ಯಸ್ಥರಾದರು. ಅದೇ ಜಿಇ! ಅವರ ಸೂತ್ರ 20-70-10. ಮೇಲಿನ ಶೇ 20 ಮಂದಿಗೆ ಬಹುಮಾನ, ನಡುವಿನ ಶೇ 70 ಮಂದಿಗೆ ಉತ್ತೇಜನ, ಕೆಳಗಿನ ಶೇ 10 ಮಂದಿಗೆ ಬಾಗಿಲು. ಇದು ಪ್ರತಿ ವರ್ಷ. ನಡುವೆ ಜಾಸ್ತಿ, ಎರಡೂ ತುದಿಗೆ ಕಡಿಮೆ, ಅದೇ ಗಂಟೆಯ ಗೆರೆ. 2000ದಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಜಿಇ ತಂತ್ರಜ್ಞಾನ ಕೇಂದ್ರ ಶುರುವಾದಾಗ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಅಷ್ಟು ದೊಡ್ಡ ಹೆಸರು ಅದು. ವರ್ಷಕ್ಕೆ ಸಾವಿರಗಟ್ಟಲೆ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದ ನಮ್ಮ ಐಟಿ ಕಂಪನಿಗಳಿಗೂ ಗೆರೆ ಹಿಡಿಸಿತು. ಹೈಕ್‌ಗೆ ಇಟ್ಟ ಹಣ ಇಷ್ಟೇ ಎಂದು ಮೊದಲೇ ಗೊತ್ತಿದ್ದಾಗ, ಹಂಚುವುದಕ್ಕೆ ಇದಕ್ಕಿಂತ ಸಲೀಸಾದ ದಾರಿ ಇನ್ನೇನಿದೆ?

ಎಂಟು ಜನರ ಒಂದು ತಂಡ ಇದೆ ಅಂದ್ಕೊಳ್ಳಿ. ಪರೀಕ್ಷೆ, ಇಂಟರ್‌ವ್ಯೂ ಎಲ್ಲ ದಾಟಿ ಬಂದವರು. ಪ್ರಾಜೆಕ್ಟ್ ಹೇಳಿದ ದಿನಕ್ಕೆ ಮುಗಿದಿದೆ. ಈ ಎಂಟರಲ್ಲಿ ಶೇ 10 ಅಂದರೆ ಸುಮಾರು ಮುಕ್ಕಾಲು ಮನುಷ್ಯ. ಆದರೂ ಒಬ್ಬರ ಹೆಸರು ಕೊನೆಗೆ ಬರಲೇಬೇಕು. ಸಾವಿರಾರು ಜನರನ್ನು ಸುಮ್ನೆ ಆರಿಸಿ ಅಳೆದಾಗ ಬರುವ ಗೆರೆಯನ್ನು, ಸೋಸಿ ಆರಿಸಿದ ಎಂಟು ಜನರ ಮೇಲೆ ಹೇರಿದರೆ ಅದು ಅಳತೆಯಲ್ಲ, ಚೀಟಿ ಎತ್ತುವ ಆಟ. ಹೊಸದಾಗಿ ಮದುವೆಯಾದವನು, ಹೆರಿಗೆ ರಜೆಯಿಂದ ಬಂದವಳು, ಹೇಗೂ ಬೇರೆ ಪ್ರಾಜೆಕ್ಟಿಗೆ ಹೋಗುವವನು... ಬಲಿಗೆ ಯಾರೋ ಸಿಗುತ್ತಾರೆ. ‘ಈ ಸಲ ನೀನು ಅಡ್ಜಸ್ಟ್ ಮಾಡ್ಕೋ, ಮುಂದಿನ ಸಲ ನೋಡೋಣ’ ಎಂಬ ಮಾತು ಹುಟ್ಟಿದ್ದು ಹೀಗೆ. ಪಕ್ಕದವನಿಗೆ ಸಹಾಯ ಮಾಡಿದರೆ ನಿಮ್ಮ ಜಾಗಕ್ಕೇ ಕುತ್ತು ಎಂಬ ಭಯ ಬೇರೆ.

ಮೊದಲು ಸುಟ್ಟುಕೊಂಡದ್ದು ಫೋರ್ಡ್. 2000ದಲ್ಲಿ ಇಂಥ ಪದ್ಧತಿ ತಂದಾಗ ವಯಸ್ಸಾದವರನ್ನು ಹೊರಗೆ ಹಾಕುವ ಹುನ್ನಾರ ಎಂದು ನೌಕರರು ಕೋರ್ಟಿಗೆ ಹೋದರು. ಮರುವರ್ಷವೇ ಕಂಪನಿ ಕೈಬಿಟ್ಟಿತು. ಸಾಫ್ಟ್‌ವೇರ್ ಕಂಪನಿ ಅಡೋಬಿಯ ಕತೆ ಇನ್ನೂ ಸ್ವಾರಸ್ಯ. 2012ರಲ್ಲಿ ಅದರ ಎಚ್‌ಆರ್ ಮುಖ್ಯಸ್ಥೆ ಡಾನಾ ಮಾರಿಸ್ ಭಾರತಕ್ಕೆ ಬಂದಿದ್ದಾಗ ಪತ್ರಕರ್ತರೊಬ್ಬರ ಹತ್ತಿರ, ವಾರ್ಷಿಕ ಅಪ್ರೈಸಲ್ ತೆಗೆದುಹಾಕುವ ಯೋಚನೆ ಇದೆ ಎಂದುಬಿಟ್ಟರು. ಕಂಪನಿಯೊಳಗೆ ಇನ್ನೂ ತೀರ್ಮಾನವೇ ಆಗಿರಲಿಲ್ಲ. ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬಂತು! ಬಾಯಿತಪ್ಪಿ ಆಡಿದ್ದನ್ನು ಕಂಪನಿ ಆ ವರ್ಷವೇ ನಿಜ ಮಾಡಿತು. 2013ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಗೆರೆ ಅಳಿಸಿತು. 2015ರಲ್ಲಿ ವಿಶಾಲ್ ಸಿಕ್ಕಾ ಮುಖ್ಯಸ್ಥರಾಗಿದ್ದಾಗ ಇನ್ಫೊಸಿಸ್ ಕೂಡ. ಜಿಇ ಸಹ ಆ ಹೊತ್ತಿಗೆ ವಾರ್ಷಿಕ ಅಪ್ರೈಸಲ್‌ಗೆ ವಿದಾಯ ಹೇಳುತ್ತಿತ್ತು.

ಗೆರೆ ಹೋಯಿತು, ಕೊನೆಯ ಸಾಲು ಹೋಗಲಿಲ್ಲ. 2025ರ ಜನವರಿಯಲ್ಲಿ ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿ ‘ಕಡಿಮೆ ಸಾಧನೆ’ಯ ಹೆಸರಿನಲ್ಲಿ ಸುಮಾರು ಶೇ 5 ನೌಕರರನ್ನು ಕಳಿಸುವುದಾಗಿ ಹೇಳಿತು. ರೇಟಿಂಗನ್ನೇ ತೆಗೆದ ಕಡೆಯೂ ಹೈಕ್‌ಗೆ ಇಟ್ಟ ಹಣ ಅಷ್ಟೇ ಇರುತ್ತದೆ. ಅದನ್ನು ಹಂಚಲು ಮ್ಯಾನೇಜರ್ ಕೈಲಿ ಒಂದು ಪಟ್ಟಿ ಬೇಕೇ ಬೇಕು. ಆ ಪಟ್ಟಿ ಈಗ ಅವರ ಎಕ್ಸೆಲ್ ಫೈಲಿನಲ್ಲಿ ಕೂತಿದೆ.

ಇಲ್ಲಿ ಸರ್ಕಾರಿ ಕಚೇರಿಯ ಒಂದು ಕತೆ ಹೇಳಬೇಕು. ಗಡಿ ರಸ್ತೆ ಸೇವೆಯ ಎಂಜಿನಿಯರ್ ದೇವ್ ದತ್ ಅವರ ಗೌಪ್ಯ ವರದಿಯಲ್ಲಿ (ಮೇಲಧಿಕಾರಿ ವರ್ಷಕ್ಕೊಮ್ಮೆ ಬರೆಯುವ ಕೆಲಸದ ವರದಿ) ಒಂದು ವರ್ಷ ‘ಉತ್ತಮ’ ಎಂದು ಬರೆದಿತ್ತು. ಬಡ್ತಿಗೆ ‘ಅತ್ಯುತ್ತಮ’ ಬೇಕಿತ್ತು. ಬಡ್ತಿ ಕೈತಪ್ಪಿತು. ‘ಉತ್ತಮ’ ಎಂದು ಬರೆದದ್ದನ್ನು ಅವರಿಗೆ ಯಾರೂ ತಿಳಿಸಿಯೇ ಇರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್, ಒಳ್ಳೆಯದಿರಲಿ ಕೆಟ್ಟದಿರಲಿ, ವರದಿಯಲ್ಲಿ ಬರೆದದ್ದೆಲ್ಲವನ್ನೂ ನೌಕರನಿಗೆ ತಿಳಿಸಲೇಬೇಕು ಎಂದಿತು. ಸರ್ಕಾರಿ ಎಂಜಿನಿಯರ್‌ಗೆ ಹೀಗೆ ತನ್ನ ಅಂಕ ನೋಡುವ ಹಕ್ಕು ಸಿಕ್ಕಿತು. ರೇಟಿಂಗ್ ಇಲ್ಲದ ಕಂಪನಿಯಲ್ಲಿರುವ, ಬೆಂಗಳೂರಿನ ಹೊರವರ್ತುಲ ರಸ್ತೆಯ ಐಟಿ ಎಂಜಿನಿಯರ್ ಮಾತ್ರ ಹೈಕ್ ಪತ್ರ ತೆರೆದು, ಶೇಕಡಾವಾರು ನೋಡಿ, ತಾನು ಎಷ್ಟನೆಯವನು ಎಂದು ಊಹಿಸಿಕೊಳ್ಳಬೇಕು.