‘ನೋವೇ ಆಗಲ್ಲ’ ಅಂತ ಹೇಳಿ ಕರೆದೊಯ್ಯಬಹುದೇ?

ಪ್ರಶ್ನೆ: ಆರು ವರ್ಷದ ಮಗಳ ಹುಳುಕು ಹಲ್ಲಿಗೆ ಫಿಲ್ಲಿಂಗ್ ಮಾಡಿಸಬೇಕು. ಡೆಂಟಿಸ್ಟ್ ಅಂದರೆ ಸಾಕು, ಅಳುತ್ತಾಳೆ. ‘ನೋವೇ ಆಗಲ್ಲ’ ಅಂತ ಸಮಾಧಾನ ಹೇಳಿ ಕರೆದೊಯ್ಯಲೇ?

ಉತ್ತರ: ದಯವಿಟ್ಟು ಬೇಡ. ಆ ಮಾತಿನಲ್ಲಿ ಮಗುವಿನ ಕಿವಿಗೆ ಬೀಳುವುದು ‘ನೋವು’ ಒಂದೇ. ಅರಿವಳಿಕೆ ಕೊಡುವಾಗ ಸ್ವಲ್ಪ ಚುರ್ ಅಂದರೂ ನಿಮ್ಮ ಮಾತು ಸುಳ್ಳಾಗುತ್ತದೆ. ಮುಂದಿನ ಸಲ ಏನು ಹೇಳಿದರೂ ಅವಳು ನಂಬುವುದಿಲ್ಲ, ಈ ನಷ್ಟ ತುಂಬಿಕೊಳ್ಳುವುದು ಕಷ್ಟ.

‘ಹಲ್ಲಲ್ಲಿ ಸಣ್ಣ ಗುಂಡಿ ಬಿದ್ದಿದೆ, ಡಾಕ್ಟರ್ ತೊಳೆದು ಮುಚ್ಚುತ್ತಾರೆ’ ಅಂದರೆ ಸಾಕು. ಅದನ್ನೂ ಹಿಂದಿನ ದಿನವಷ್ಟೇ ಹೇಳಿ. ವಾರ ಮೊದಲೇ ಹೇಳಿದರೆ ವಾರವಿಡೀ ಹೆದರುತ್ತಾಳೆ. ‘ಚುಚ್ಚುತ್ತಾರಾ?’ ಅಂತ ಅವಳೇ ಕೇಳಿದರೆ ಇಲ್ಲವೆನ್ನಬೇಡಿ. ‘ಹಲ್ಲನ್ನು ಮಲಗಿಸೋ ಔಷಧಿ ಹಾಕಬಹುದು, ಹೇಗೆ ಅಂತ ಡಾಕ್ಟರನ್ನೇ ಕೇಳೋಣ’ ಅನ್ನಿ. ಸೂಜಿಗೆ ಮೊದಲು ಒಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಡುವುದುಂಟು. ಅದನ್ನು ಹಚ್ಚುತ್ತೀರಾ ಎಂದು ವೈದ್ಯರನ್ನು ಮೊದಲೇ ವಿಚಾರಿಸಿ.

ಮನೆಯಲ್ಲಿ ಅಭ್ಯಾಸ ಮಾಡಿಸಿ. ಅಂಗಾತ ಮಲಗಿಸಿ, ಬಾಯಿ ತೆರೆಸಿ, ಬ್ರಷ್ಷಿನ ಹಿಡಿಯಿಂದ ಹಲ್ಲು ಎಣಿಸಿ. ಬಾಯಿ ತೆರೆದೇ ಮೂಗಿನಲ್ಲಿ ಉಸಿರಾಡಲು ಕಲಿಸಿ. ಬಾಯಲ್ಲಿ ನೀರು ತುಂಬಿದಾಗ ಮಕ್ಕಳು ಗಾಬರಿಯಾಗುವುದು ಹೆಚ್ಚಾಗಿ ಇದು ಬಾರದೆ. ಎಡಗೈ ಎತ್ತಿದರೆ ಕೆಲಸ ನಿಲ್ಲಿಸಬೇಕು ಎಂಬ ಗುರುತನ್ನು ವೈದ್ಯರೊಡನೆ ಮೊದಲೇ ಗೊತ್ತು ಮಾಡಿಕೊಳ್ಳಿ. ಗುರುತು ಕೊಟ್ಟಾಗ ಒಮ್ಮೆ ನಿಲ್ಲಿಸದೆ ಹೋದರೂ ಅದರ ಮೇಲಿನ ಮಗುವಿನ ನಂಬಿಕೆ ಕೆಟ್ಟಿತೆಂದೇ ಲೆಕ್ಕ.

ಕುರ್ಚಿಯ ಹತ್ತಿರ ಒಬ್ಬರದೇ ಮಾತು ನಡೆಯಬೇಕು, ಅದು ವೈದ್ಯರದು. ಮೊದಲು ಹೇಳಿ, ಆಮೇಲೆ ತೋರಿಸಿ, ಕೊನೆಗೆ ಮಾಡುವುದು ಮಕ್ಕಳ ದಂತವೈದ್ಯರ ಕ್ರಮ: ತಿರುಗುವ ಬ್ರಷ್ಷನ್ನು ಮೊದಲು ಉಗುರಿಗೆ ಮುಟ್ಟಿಸಿ, ನಂತರ ಹಲ್ಲಿಗೆ. ನಡುವೆ ನೀವು ‘ಆಯ್ತು ಕಂದ, ಇನ್ನೊಂಚೂರು’ ಅನ್ನುತ್ತಿದ್ದರೆ ಎರಡು ದನಿಗಳ ನಡುವೆ ಮಗು ಯಾರ ಮಾತನ್ನೂ ಕೇಳುವುದಿಲ್ಲ. ಅವಳ ಕಣ್ಣಿಗೆ ಕಾಣುವಂತೆ ಕೂತು, ಕಾಲ ಮೇಲೆ ಕೈಯಿಟ್ಟು, ಸುಮ್ಮನಿರಿ. ಡ್ರಿಲ್ ಸದ್ದಿಗೆ ನಿಮ್ಮ ಕೈಯೇ ಬಿಗಿಯುತ್ತದೆಯೇ? ಹಾಗಿದ್ದರೆ ಮನೆಯಲ್ಲಿ ಧೈರ್ಯವಿರುವ ಇನ್ನೊಬ್ಬರು ಜೊತೆಗೆ ಹೋಗಲಿ. ನಿಮ್ಮ ಮುಖ ನೋಡಿಯೇ ಮಗು ಹೆದರುತ್ತದೆ.

‘ಅಳದಿದ್ದರೆ ಆಟಿಕೆ’ ಎಂಬ ಲಂಚ ಬೇಡ, ಏನೋ ಕೆಟ್ಟದ್ದು ಕಾದಿದೆಯೆಂದು ಅದರಿಂದಲೇ ತಿಳಿಯುತ್ತದೆ. ಮುಗಿದ ಮೇಲೆ ‘ಬಾಯಿ ಎಷ್ಟು ಚೆನ್ನಾಗಿ ತೆರೆದಿದ್ದೆ’ ಅಂತ ಅವಳು ಮಾಡಿದ್ದನ್ನೇ ಹೆಸರಿಸಿ ಹೊಗಳಿ.

ಅರಿವಳಿಕೆ ಕೊಟ್ಟಿದ್ದರೆ ತುಟಿ, ಕೆನ್ನೆ ಎರಡು-ಮೂರು ಗಂಟೆ ಜೋಮು ಹಿಡಿದಿರುತ್ತವೆ. ಗೊತ್ತಾಗದೆ ಕಚ್ಚಿಕೊಂಡು ಹುಣ್ಣು ಮಾಡಿಕೊಳ್ಳುವ ಮಕ್ಕಳು ಬಹಳ. ಜೋಮು ಬಿಡುವವರೆಗೆ ಅಗಿಯುವ ತಿಂಡಿ ಕೊಡಬೇಡಿ, ಅವಳ ಬಾಯಿಯ ಮೇಲೆ ಕಣ್ಣಿಟ್ಟಿರಿ.