ಹಗುರವಾಗಿ ಹಿಡಿಯಲು ಗಟ್ಟಿ ಕೈ ಬೇಕು

ಗಾಲ್ಫ್ ಆಡುವವರು ಮೊಣಕೈ ನೋವು ಅಂತ ನನ್ನ ಹತ್ತಿರ ಬಂದರೆ, ಅವರ ಗ್ಲೌಸ್ ತೋರಿಸಿ ಎನ್ನುತ್ತೇನೆ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ ಚರ್ಮ ಸವೆದು ತೂತಾಗಿದ್ದರೆ ಅರ್ಧ ಕಥೆ ಅಲ್ಲೇ ಸಿಗುತ್ತದೆ. ಸ್ವಿಂಗ್ ನಡುವೆ, ಅಂದರೆ ಬಾಲಿಗೆ ಹೊಡೆಯಲು ಬೀಸುವಾಗ, ಕ್ಲಬ್ (ಗಾಲ್ಫ್ ಕೋಲು) ಕೈಯಲ್ಲಿ ಅಲುಗಾಡುತ್ತಿದೆ. ಅವರು ಪ್ರತಿ ಸಲವೂ ಮತ್ತೆ ಹಿಸುಕಿ ಹಿಡಿಯುತ್ತಿದ್ದಾರೆ.

60 ದಾಟಿದ ಒಬ್ಬ ಮೇಡಂ ಇಂಥದ್ದೇ ಗ್ಲೌಸ್ ತಂದಿದ್ದರು. "13ನೇ ಹೋಲ್‌ವರೆಗೆ ಚೆನ್ನಾಗೇ ಆಡ್ತೀನಿ ಡಾಕ್ಟ್ರೇ. ಆಮೇಲೆ ಎಲ್ಲಾ ಬಾಲೂ ಬಲಕ್ಕೇ ಹೋಗತ್ತೆ" ಅಂದರು. ಒಂದು ಪೂರ್ಣ ಆಟಕ್ಕೆ 18 ಹೋಲ್ (ಬಾಲು ಹಾಕಬೇಕಾದ ಗುಳಿ). ಸ್ವಿಂಗ್ ಕೆಟ್ಟಿದೆ ಅಂತ ಅವರ ಲೆಕ್ಕ. ಕೈಹಿಡಿತದ ಬಲ ಅಳೆಯುವ ಡೈನಮೊಮೀಟರ್ ಕೊಟ್ಟು ಜೋರಾಗಿ ಹಿಡಿಯಲು ಹೇಳಿದೆ. 18 ಕಿಲೋ ತೋರಿಸಿತು.

ಈಗ ಸುಮ್ನೆ ಒಂದು ಲೆಕ್ಕ ಹಾಕೋಣ. ಕ್ಲಬ್ ಜಾರದ ಹಾಗೆ ಹಿಡಿಯಲು 9 ಕಿಲೋ ಬಲ ಬೇಕು ಅಂತ ಇಟ್ಟುಕೊಳ್ಳಿ. 36 ಕಿಲೋ ಬಲದ ಕೈಗೆ ಅದು ಕಾಲು ಭಾಗ. 18 ಕಿಲೋ ಕೈಗೆ ಅರ್ಧ! ಒಂದೇ ಕ್ಲಬ್, ಒಂದೇ ಸ್ವಿಂಗ್. ಒಬ್ಬರಿಗೆ ಹಗುರ, ಇನ್ನೊಬ್ಬರಿಗೆ ಹೆಣಗಾಟ. "ಹಗುರವಾಗಿ ಹಿಡಿಯಿರಿ" ಅನ್ನುವ ಕೋಚ್ ಮಾತು ಸರಿಯೇ. ಆದರೆ ಬಲವಿಲ್ಲದ ಕೈಗೆ ಆ ಮಾತನ್ನು ಪಾಲಿಸುವುದೇ ಕಷ್ಟ.

ಡ್ರೈವರ್ ಅನ್ನುವ, ದೂರ ಹೊಡೆಯುವ ಕ್ಲಬ್ಬಿನ ತಲೆ ಸುಮಾರು 200 ಗ್ರಾಂ ಅಷ್ಟೇ. ಆದರೆ ಬಾಲಿನ ಹತ್ತಿರ ಬರುವಾಗ ಅದು ಕೈಯಿಂದ ಆಚೆಗೆ ಎಳೆಯುವ ಬಲ, ಸಾಧಾರಣ ವೇಗದ ಸ್ವಿಂಗಿನಲ್ಲೂ, 20 ಕಿಲೋ ಭಾರ ತೂಗಿದ ಹಾಗಿರುತ್ತದೆ. ಅದಕ್ಕೇ ಕೈ ಭಯಪಟ್ಟು ಬಿಗಿಯಾಗುತ್ತದೆ.

ಬಿಗಿಯಾದರೆ ಏನಾಗುತ್ತದೆ? ಈಗಲೇ ನೋಡಿ. ಮುಷ್ಟಿ ಗಟ್ಟಿಯಾಗಿ ಬಿಗಿದು, ಮಣಿಕಟ್ಟನ್ನು ಬೇಗ ಬೇಗ ಮೇಲೆ ಕೆಳಗೆ ಆಡಿಸಿ. ಆಮೇಲೆ ಬೆರಳು ಸಡಿಲಿಸಿ, ಒದ್ದೆ ಕೈ ಕೊಡವುವ ಹಾಗೆ ಆಡಿಸಿ. ವ್ಯತ್ಯಾಸ ಗೊತ್ತಾಯಿತು ಅಲ್ವಾ? ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ, ಅಂದರೆ ಮೊಣಕೈ ಮತ್ತು ಮಣಿಕಟ್ಟಿನ ನಡುವೆ. ಅವುಗಳನ್ನು ಮೂಳೆಗೆ ಕಟ್ಟುವ ಹುರಿಗಳು (ಟೆಂಡನ್) ಮಣಿಕಟ್ಟನ್ನು ದಾಟಿಯೇ ಬೆರಳಿಗೆ ಹೋಗುತ್ತವೆ. ಹಿಸುಕಿದಾಗ ಮುಂಗೈಯ ಹಿಂಭಾಗದ ಸ್ನಾಯುಗಳೂ ಎದುರು ಎಳೆಯುತ್ತವೆ. ಮಣಿಕಟ್ಟು ನಡುವೆ ಸಿಕ್ಕಿಕೊಳ್ಳುತ್ತದೆ. ಕ್ಲಬ್ ಬೀಸಿ ಬರಬೇಕಾದ ಹೊತ್ತಿಗೆ ಬರುವುದಿಲ್ಲ, ಅದರ ಮುಖ (ಬಾಲಿಗೆ ತಾಗುವ ಬದಿ) ಗುರಿಯಿಂದ ಹೊರಕ್ಕೆ ತೆರೆದೇ ಉಳಿಯುತ್ತದೆ. ಬಲಗೈ ಆಟಗಾರರ ಬಾಲು ಬಲಕ್ಕೆ ತಿರುಗುತ್ತದೆ. ಬಾಲು ಕ್ಲಬ್ಬಿಗೆ ತಾಗಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ತಿದ್ದಿಕೊಳ್ಳಲು ಯಾರಿಂದಲೂ ಆಗುವುದಿಲ್ಲ.

ಒಂದು ಗೊಂದಲ ಇಲ್ಲೇ ಹೇಳಿಬಿಡುತ್ತೇನೆ. ಗಾಲ್ಫ್‌ನಲ್ಲಿ 'ಸ್ಟ್ರಾಂಗ್ ಗ್ರಿಪ್' ಅಂದರೆ ಕೈ ಬಲವಲ್ಲ. ಕ್ಲಬ್ ಮೇಲೆ ಕೈಗಳನ್ನು ಎಷ್ಟು ತಿರುಗಿಸಿ ಇಟ್ಟಿದ್ದೀರಿ ಅನ್ನುವುದು. ಎಷ್ಟೋ ಜನ ಅದನ್ನು ಕೇಳಿ ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ, ನೋಡಿದರೆ ಬೇಜಾರಾಗುತ್ತದೆ.

ಹಾಗಂತ ಕೈ ಗಟ್ಟಿಯಾದ ಕೂಡಲೇ ಬಾಲು ದೂರ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ವೇಗ ಹುಟ್ಟುವುದು ಕಾಲು, ಸೊಂಟ, ಬೆನ್ನಿನಿಂದ. ಆ ವೇಗ ಕ್ಲಬ್ಬಿಗೆ ತಲುಪುವ ಕೊನೆಯ ಕೊಂಡಿ ಕೈ. ಅದು 18ನೇ ಹೋಲ್‌ವರೆಗೂ ಸುಸ್ತಾಗದೆ ಇರಬೇಕು, ಅಷ್ಟೇ.

ಆ ಮೇಡಂಗೆ ಮೊದಲು ಕ್ಲಬ್‌ಗಳ ಸವೆದ ರಬ್ಬರ್ ಗ್ರಿಪ್ ಬದಲಾಯಿಸಲು ಹೇಳಿದೆ. ನುಣುಪಾದ ಗ್ರಿಪ್ ಇದ್ದರೆ ಎಂಥವರೂ ಹಿಸುಕಲೇಬೇಕು. ಕ್ಲಬ್ಬನ್ನು ಅಂಗೈಯಿಂದ ಬೆರಳುಗಳ ಬುಡಕ್ಕೆ ಇಳಿಸಿದೆವು. ಎಡಗೈಯ ಕೊನೆಯ ಮೂರು ಬೆರಳು ಹೆಚ್ಚು ಭಾರ ಹೊರಲಿ ಅಂತ. ಜೊತೆಗೆ ವಾರಕ್ಕೆ 3 ದಿನ ವ್ಯಾಯಾಮ: ಎರಡೂ ಕೈಯಲ್ಲಿ ಡಂಬೆಲ್ ಹಿಡಿದು ನಡೆಯುವುದು, ದಪ್ಪ ಟವೆಲ್ ಹಿಂಡುವುದು, ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವುದು. ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಬರೀ ಮುಚ್ಚುವ ಸ್ನಾಯುಗಳನ್ನೇ ದುಡಿಸಿದರೆ ಬಿಚ್ಚುವ ಸ್ನಾಯುಗಳು ಹಿಂದೆ ಬೀಳುತ್ತವೆ, ಮೊಣಕೈಯ ಹೊರಬದಿ ನೋಯಲು ಶುರುವಾಗಬಹುದು.

3 ತಿಂಗಳಿಗೆ ಅವರ ಅಳತೆ 22 ಕಿಲೋ ಆಯಿತು. ಕೊನೆಯ ಹೋಲ್‌ಗಳಲ್ಲಿ ಈಗಲೂ ಒಂದೆರಡು ಬಾಲು ಬಲಕ್ಕೆ ಹೋಗುತ್ತವೆ. ಮೊಣಕೈ ಮಾತ್ರ ನೋಯುತ್ತಿಲ್ಲ. ನೀವು ಶುರು ಮಾಡುವುದಾದರೆ ಕಡಿಮೆ ತೂಕದಿಂದಲೇ ಶುರು ಮಾಡಿ. ಮರುದಿನ ಬೆಳಿಗ್ಗೆ ಬಾಟಲಿ ಮುಚ್ಚಳ ತಿರುಗಿಸುವಾಗ ಮೊಣಕೈ ಚುಳುಕ್ ಅಂದರೆ ಆ ದಿನ ವ್ಯಾಯಾಮವೂ ಬೇಡ, ಗಾಲ್ಫೂ ಬೇಡ.