ಮೆಂತೆ ನೋಟ್ಸ್: ಪಚಡಿ, ಬಾಣಂತಿ ಉಂಡಿ, ಶುಗರ್

ನ್ಯೂಟ್ರಿಶನ್ ಓದೋ ನಮ್ಮ ಧಾರವಾಡ-ಹುಬ್ಬಳ್ಳಿ ಮಂದಿಗೆ ಇದನ್ನ ಬರೀಲಿಕ್ಕತ್ತೀನ್ರಿ. ಮೆಂತೆ ಅಂದ್ರ ತಪ್ಪಲದ್ದು ಬ್ಯಾರೆ ಲೆಕ್ಕ, ಕಾಳಿಂದು ಬ್ಯಾರೆ ಲೆಕ್ಕ, ಎರಡೂ ಕಲಸಿ ಬರದ್ರ ಉತ್ತರ ಕಲಗಚ್ಚ ಆಗ್ತೈತಿ. ಹೆಸರು ಟ್ರೈಗೊನೆಲ್ಲಾ ಫೀನಮ್-ಗ್ರೀಕಮ್, ಕಡ್ಲಿ ಶೇಂಗಾ ಇರೋ ಫ್ಯಾಬೇಸಿ ಕುಟುಂಬ, ಅದಕ್ಕ ಅವೆರಡು ಅಲರ್ಜಿ ಇದ್ದೋರಿಗೆ ಕೆಲವೊಮ್ಮೆ ಮೆಂತೆನೂ ಆಗಿಬರಂಗಿಲ್ಲ.

ಮೊದಲ ತಪ್ಪಲ. ನಮ್ಮ ಕಡೆ ಹಸೀದ ತಿಂತೀವಲ್ಲ, ಅದು ಶಾಣ್ಯಾತನಾನ ಐತಿ ನೋಡ್ರಿ. ಎಳೇ ಸೂಡು ಬಿಡಿಸಿ ಎರಡ ಮೂರ ನೀರಾಗ ತೊಳದು (ಬುಡದಾಗ ಉಸುಕು ಭಾಳ ಇರ್ತೈತಿ), ಸಣ್ಣಗ ಹೆಚ್ಚಿ, ಉಳ್ಳಾಗಡ್ಡಿ, ಸೌತಿಕಾಯಿ, ಶೇಂಗಾಪುಡಿ, ಉಪ್ಪು ಹಾಕಿ ಲಿಂಬಿಹಣ್ಣು ಹಿಂಡಿದ್ರ ಪಚಡಿ ಆತು, ರೊಟ್ಟಿ ಜೋಡಿ ಹಚ್ಚಿಕೊಳ್ಳೋದ ಅಷ್ಟ. ಬೇಯಿಸಿದ್ರ ಹಾಳಾಗೋ ಫೋಲೇಟ್ (ಒಂದು ಬಿ ವಿಟಮಿನ್) ಹಸೀದ್ರಾಗ ಉಳೀತೈತಿ, ಲಿಂಬಿ ವಿಟಮಿನ್ ಸಿ ಇಂದ ತಪ್ಪಲದ ಕಬ್ಬಿಣ ಮೈಗೆ ಹೆಚ್ಚು ಹತ್ತತೈತಿ. ಕಹಿ ಆಗದವ್ರು ತೊಗರಿಬ್ಯಾಳಿ ಹಾಕಿ ಮುದ್ದಿಪಲ್ಯ ಮಾಡ್ರಿ.

ಈಗ ಕಾಳು. ಇದ್ರಾಗ ಹೆಚ್ಚುಕಡಿಮಿ ಅರ್ಧ ನಾರಿನಂಶಾನ. ರಾತ್ರಿ ನೆನೆ ಇಟ್ರ ಮುಂಜಾನಿ ಉಬ್ಬಿ, ನೀರು ಲೋಳಿ ಲೋಳಿ ಆಗಿ ಬೆರಳಿಗೆ ಹತ್ತತೈತಲ್ಲ, ಆ ಲೋಳಿನ ಗ್ಯಾಲಕ್ಟೋಮನ್ನನ್, ನೀರಾಗ ಕರಗೋ ನಾರು. ಅದು ಹೊಟ್ಟ್ಯಾಗ ಊಟ ಮುಂದ ಹೋಗೋದನ್ನ ತಡದು ಸಕ್ಕರಿ ರಕ್ತಕ್ಕ ನಿಧಾನ ಸೇರೂ ಹಂಗ ಮಾಡ್ತೈತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವ್ರು 1990ರಾಗ ಟೈಪ್ 1 ಶುಗರ್ (ಮೈಯಾಗ ಇನ್ಸುಲಿನ್ ತಯಾರಾಗದ ನಮೂನಿ) ಇದ್ದೋರ ಮ್ಯಾಲೆ ಮಾಡಿದ ಅಧ್ಯಯನ ಎಲ್ಲಾರೂ ಹೇಳ್ತಾರ, ಉಚ್ಚಿಯೊಳಗಿನ ಸಕ್ಕರಿ 54% ಇಳೀತು ಅಂತ, ಆದ್ರ ಅವ್ರು ಕೊಟ್ಟಿದ್ದು ಎಣ್ಣಿ ತಗದ ಪುಡಿ ದಿನಕ್ಕ 100 ಗ್ರಾಂ! ನಾವು ನೆನೆ ಹಾಕೋದು ಒಂದು ಚಮಚ, ಅಂದ್ರ ನಾಕೈದು ಗ್ರಾಂ. ಅಷ್ಟ ತಿಂದು ಗುಳಿಗಿ ಬಿಟ್ಟೆ ಅನ್ನೋರಿಗೆ ಈ ಎರಡು ಅಂಕಿ ತೋರಸ್ರಿ ಸಾಕು.

ಬಾಣಂತಿ ವಿಷಯ ನಂಗ ಭಾಳ ಸೇರಿತು. ಭಾವಪ್ರಕಾಶ ಅನ್ನೋ ಹಳೇ ಆಯುರ್ವೇದ ಗ್ರಂಥದಾಗ ಚತುರ್ಬೀಜ (ನಾಕು ಬೀಜ) ಅಂತ ಬರ್ತೈತಿ: ಮೆಂತೆ, ಅಳವಿ, ಕರಿಜೀರಗಿ, ಅಜವಾನ. ವಾತಕ್ಕ, ಅಜೀರ್ಣಕ್ಕ, ಹೊಟ್ಟಿಉಬ್ಬರಕ್ಕ ಹೇಳಿದ್ದು. ನಮ್ಮ ಅಜ್ಜಿಗೋಳು ಬಾಣಂತಿಗೆ ಕೊಡೋ ಮೆಂತೆ ಉಂಡಿ, ಅಳವಿ ಪಾಯಸ, ಊಟ ಆದಮ್ಯಾಲೆ ಬಾಯಾಗ ಹಾಕೋ ಅಜವಾನ, ಎಲ್ಲಾ ಅದ ಪಟ್ಟಿ ಅಲ್ಲೇನ್ರಿ? ಎದಿಹಾಲು ಹೆಚ್ಚಾಗ್ತೈತಿ ಅನ್ನೋದಕ್ಕ ಮಾತ್ರ ಪುರಾವೆ ಗಟ್ಟಿ ಇಲ್ಲ, ಸಣ್ಣ ಸಣ್ಣ ಅಧ್ಯಯನ, ಒಂದು ಹೌದಂದ್ರ ಇನ್ನೊಂದು ಇಲ್ಲ ಅಂತೈತಿ. ಮೆಂತೆ ತಿಂದೋರ ಬೆವರಿಗೆ ಬರೋ ಸಿಹಿ ಘಮ ಸೋಟೋಲೋನ್ ಅನ್ನೋದ್ರಿಂದ. ಮೇಪಲ್ ಗಿಡದ ರಸದಿಂದ ಮಾಡೋ ಸಿಹಿ ಪಾಕ, ಮೇಪಲ್ ಸಿರಪ್ಪಿನ ವಾಸನೀನೂ ಅದ, ಹಂಗಾಗಿ ತಾಯಿ ಮೆಂತೆ ತಿಂದು ಹಡದಾಗ ಕೂಸಿನ ಉಚ್ಚಿ ವಾಸನಿ ನೋಡಿ ಡಾಕ್ಟರು ಮೇಪಲ್ ಸಿರಪ್ ಯೂರಿನ್ ಡಿಸೀಸ್ (ಉಚ್ಚಿಗೆ ಅದ ವಾಸನಿ ಬರೋ, ಹುಟ್ಟಿನಿಂದ ಬರೋ ರೋಗ) ಇರಬೇಕು ಅಂತ ಗಾಬರಿ ಆದ ಕೇಸ್ ಅದಾವು.

ಬಸರಿದ್ದಾಗ ಅಡಗಿಗೆ ಹಾಕೋವಷ್ಟು ನಡೀತೈತಿ, ಕಾಳಿನ ಪುಡಿ ಮುಕ್ಕೋದು ಬ್ಯಾಡ. ರಕ್ತ ತೆಳ್ಳಗ ಮಾಡೋ ವಾರ್ಫರಿನ್, ಶುಗರ್ ಗುಳಿಗಿ ತಗೊಳ್ಳೋರು ದಿನಾ ತಿನ್ನೂದಿದ್ರ ಡಾಕ್ಟರಿಗೆ ಹೇಳಬೇಕು.

ಪರೀಕ್ಷಾದಾಗ ಒಂದು ಮಾರ್ಕಿಗೆ ಬರೋ ಮಾತು: ಪಾಕೀಟಿನ್ಯಾಗ ಸಿಗೋ ಕಸೂರಿ ಮೇಥಿ ನಮ್ಮ ಮೆಂತೆ ಒಣಗಿಸಿದ್ದಲ್ಲ, ಬ್ಯಾರೆ ಜಾತಿ, ಟ್ರೈಗೊನೆಲ್ಲಾ ಕಾರ್ನಿಕ್ಯುಲಾಟಾ, ರಾಜಸ್ಥಾನದ ನಾಗೌರ್ ಕಡೆ ಬೆಳೀತಾರ.